ಹೆಬ್ಬೆಟ್ಟಿಗೆ ಡ್ರಿಲ್ ಕಲಿಸಿದ ನನ್ನ ತಮ್ಮ

ಶನಿವಾರ. ಬೆಳಗಿನ ತರಗತಿ ಮುಗಿದು ಮಕ್ಕಳು ಮನೆಗೆ ಹೋದ ಮೇಲೆ, ಸರಿಯಾಗಿ ಹನ್ನೆರಡು ಗಂಟೆ. ಸ್ಥಳ, ಹೊಳಲ್ಕೆರೆಯಲ್ಲಿ ನಾನು ಕೆಲಸ ಮಾಡಿ ನಿವೃತ್ತಳಾದ ಅನುದಾನಿತ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿ. ಸಂದರ್ಭ, ಶಾಲೆಯ ಕ್ರೀಡಾ ಸಮಿತಿಯ ಸಭೆ. ಹಾಜರಿದ್ದವರು: ಸಮಿತಿಯ ಅಧ್ಯಕ್ಷರಾದ ಅಡಿಕೆ ವ್ಯಾಪಾರಿಗಳು, ಈಗಿನ ಮುಖ್ಯೋಪಾಧ್ಯಾಯರು, ಈಗಿನ ದೈಹಿಕ ಶಿಕ್ಷಕರು, ಪೋಷಕರ ಪರವಾಗಿ ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುವ ಒಬ್ಬ ತಾಯಿ, ಗೌರವ ಕಾರ್ಯದರ್ಶಿಯಾಗಿ ನಾನು. ಕರೆಯದೆ ಬಂದವರು: ನನ್ನ ತಮ್ಮ.

ನಡಾವಳಿ ಪುಸ್ತಕದಲ್ಲಿ ‘ಕರೆಯದೆ ಬಂದವರು’ ಎಂಬ ಕಲಮು ಇರುವುದಿಲ್ಲ. ಸ್ಕೇಲು ಇಟ್ಟು ಗೆರೆ ಎಳೆದು ನಾನೇ ಸೇರಿಸಿದೆ. ಅವನು ಹುಟ್ಟಿದ ದಿನದಿಂದ ಅವನಿಗಾಗಿ ಪ್ರತ್ಯೇಕ ಕಲಮು ಸೇರಿಸುವುದೇ ನನ್ನ ಕೆಲಸವಾಗಿದೆ.

ನಿವೃತ್ತಿಯಾದ ಮೇಲೆ ನನ್ನ ತಮ್ಮನ ತಲೆ ಕೆಟ್ಟಿತು ಎಂದು ಊರಿನಲ್ಲಿ ಕೆಲವರು ಹೇಳುತ್ತಾರೆ. ಇದು ಶುದ್ಧ ಸುಳ್ಳು! ಅವನ ತಲೆ ಮೊದಲಿನಿಂದಲೂ ಹೀಗೆಯೇ ಇತ್ತು. ನೌಕರಿಯಲ್ಲಿದ್ದಾಗ ಅದಕ್ಕೆ ಸಂಬಳ ಕೊಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಇದೇ ಶಾಲೆಯಲ್ಲಿ ಅವನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಡ್ರಿಲ್ ಮೇಷ್ಟ್ರಾಗಿದ್ದ. ಅದರಲ್ಲಿ ಬಹುಪಾಲು ಕಾಲ ನಾನು ಮುಖ್ಯೋಪಾಧ್ಯಾಯಿನಿ. ಮನೆಯಲ್ಲಿ ಅಕ್ಕ, ಶಾಲೆಯಲ್ಲಿ ಮೇಡಂ ಎಂದು ಅವನಿಗೆ ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿದ್ದೆ. ಎರಡನೆಯ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯ ಮುಂದೆ, ‘ಅಕ್ಕಾ, ಸಾವಧಾನ್ ಹೇಳ್ಲಾ?’ ಎಂದು ಕೇಳಿದ. ಅಲ್ಲಿಂದ ಮುಂದೆ ನಾನು ಇಡೀ ತಾಲ್ಲೂಕಿಗೇ ಅಕ್ಕನಾಗಿ ಉಳಿದೆ.

ನಿವೃತ್ತನಾದ ಮೇಲೂ ಅವನ ಕೊರಳಿನ ಸೀಟಿ ಕೆಳಗಿಳಿಯಲಿಲ್ಲ. ಹಾಲಿನವನು ತಡವಾಗಿ ಬಂದರೆ ಸೀಟಿ. ಬೀದಿಯಲ್ಲಿ ಇಬ್ಬರು ಜಗಳವಾಡಿದರೆ ಸೀಟಿ ಊದಿ, ಇಬ್ಬರಿಗೂ ಐದು ನಿಮಿಷ ಹಾಫ್ ಟೈಮ್ ಕೊಟ್ಟು, ನೀರು ಕುಡಿಸಿ, ಆಮೇಲೆ ಜಗಳ ಮುಂದುವರಿಸಲು ಹೇಳುತ್ತಾನೆ. ಹಿರಿಯೂರಿನ ಒಂದು ಮದುವೆಯಲ್ಲಿ ಊಟದ ಪಂಕ್ತಿಗೆ ನುಗ್ಗುತ್ತಿದ್ದ ಜನರನ್ನು ಸೀಟಿ ಊದಿ ತಡೆದು, ಎತ್ತರದ ಪ್ರಕಾರ ಸಾಲು ನಿಲ್ಲಿಸಿದ. ಮದುಮಗನೂ ಅಭ್ಯಾಸಬಲದಿಂದ ಬಂದು ನಿಂತ. ಇವನ ಹಳೆಯ ವಿದ್ಯಾರ್ಥಿ. ಪಾಪ, ಕುಳ್ಳನಾದ್ದರಿಂದ ಮೊದಲ ಎಲೆ ಸಿಕ್ಕಿತು.

ಇಂಥವನಿಗೆ ಮೊಬೈಲ್ ಕಂಡರೆ ಮೈ ಉರಿಯುತ್ತಿತ್ತು. ಮಕ್ಕಳ ಕೈಗೆ ಫೋನು ಬಂದ ಮೇಲೆ ಕಾಲಿಗೆ ಕೆಲಸವಿಲ್ಲದಂತಾಯಿತು, ಇನ್ನು ಐವತ್ತು ವರ್ಷಕ್ಕೆ ಮನುಷ್ಯನ ಕಾಲು ಉದುರಿಹೋಗುತ್ತದೆ ಎಂದು ಭವಿಷ್ಯ ನುಡಿಯುತ್ತಿದ್ದ. ಒಂದು ಭಾನುವಾರ ನಮ್ಮ ಬೀದಿಯ ನೀರಿನ ಟ್ಯಾಂಕಿನ ಹಿಂದೆ ಐದು ಜನ ಹೈಸ್ಕೂಲು ಮಕ್ಕಳು, ಮೂವರು ಹುಡುಗರು ಇಬ್ಬರು ಹುಡುಗಿಯರು, ಗುಂಪಾಗಿ ಕೂತು ಫೋನು ಒತ್ತುತ್ತಿರುವ ಸುದ್ದಿ ಬಂತು. ಸೀಟಿ ತುಟಿಯಲ್ಲಿಟ್ಟುಕೊಂಡೇ ಹೊರಟ. ನಾನು ಕಿವಿ ಮುಚ್ಚಿಕೊಂಡು ಕಾದೆ. ಸೀಟಿ ಕೇಳಲೇ ಇಲ್ಲ. ಒಂದು ಗಂಟೆಯಾದರೂ ಆಸಾಮಿ ಪತ್ತೆಯಿಲ್ಲ. ಊಟದ ಹೊತ್ತಿಗೆ ಬಂದವನು ಮುದ್ದೆ ಮುರಿಯುವುದನ್ನೂ ಮರೆತು ಕೂತ.

ಆಟ ಹೀಗಂತೆ. ಎರಡು ತಂಡ, ಒಂದೊಂದರಲ್ಲಿ ಐದು ಜನ. ಆ ಕಡೆ ಒಂದು ಕೋಟೆ, ಈ ಕಡೆ ಒಂದು ಕೋಟೆ. ತಮ್ಮ ಬಾಗಿಲು ಕಾಯಬೇಕು, ಅವರ ಬಾಗಿಲು ಒಡೆಯಬೇಕು. ಬಂದೂಕಿಲ್ಲ. ಇರುವುದು ಬಿಲ್ಲು, ಕತ್ತಿ, ಸ್ವಲ್ಪ ಮಂತ್ರತಂತ್ರ. ಐದರಲ್ಲಿ ಒಬ್ಬ ಮುಂದೆ ನುಗ್ಗುವವನು, ಒಬ್ಬಳು ಹಿಂದೆ ಕಾಯುವವಳು, ಒಬ್ಬ ಸುಮ್ಮನೆ ಏಟು ತಿನ್ನುವವನು. ಅವರವರಲ್ಲೇ ಕೂಗಾಟ, ಸೂಚನೆ, ಬೈಗಳು. ‘ಇದು ಖೋ-ಖೋ ಅಲ್ಲದೆ ಇನ್ನೇನಕ್ಕ?’ ಎಂದ.

ಕೋಟೆಯ ಜಿಲ್ಲೆಯಲ್ಲಿ ಹುಟ್ಟಿ, ದುರ್ಗದ ಬಂಡೆಗಳನ್ನು ಹತ್ತಿ ಇಳಿದು ಬೆಳೆದ ನಮಗೆ ಅಂಗೈ ಅಗಲದ ಕೋಟೆ ಕಾಯುವ ಗತಿ ಬಂತೇ ಎಂದು ಕೇಳಿದೆ. ಕೂತಲ್ಲೇ ಕೂತು ಆಡುವುದು ಅದೆಂಥ ಕ್ರೀಡೆ ಎಂದೂ ಕೇಳಿದೆ. ಇಲ್ಲಿ ನಾನು ಸಿಕ್ಕಿಬಿದ್ದೆ.

‘ಅಕ್ಕ, ಖೋ-ಖೋದಾಗೆ ಅಟ್ಟಿಸ್ಕಂಡು ಹೋಗೋ ತಂಡದಾಗೆ ಎಷ್ಟು ಜನ?’

‘ಒಂಬತ್ತು.’

‘ಓಡೋರು?’

‘ಒಬ್ಬರು.’

‘ಉಳಿದ ಎಂಟು ಜನ ಏನ್ ಮಾಡ್ತಾರೆ?’

ಎಂಟು ಜನ ಕೂತಿರುತ್ತಾರೆ ಎಂಬುದು ಹೊಳಲ್ಕೆರೆಯ ಕೂಸಿಗೂ ಗೊತ್ತು. ಚೆಸ್ಸು ಈಗಾಗಲೇ ಶಾಲಾ ಕ್ರೀಡೆಯ ಪಟ್ಟಿಯಲ್ಲಿದೆ, ಅದನ್ನೇನು ಯಾರಾದರೂ ಜಿಗಿಯುತ್ತಾ ಆಡುತ್ತಾರೆಯೇ ಎಂದು ಅವನು ಮುಂದುವರಿಸಿದ. ಗಂಟೆ ಎರಡಾಗಿತ್ತು. ನನ್ನ ಮನೆಯಲ್ಲಿ ಎರಡಕ್ಕೆ ಊಟದ ಎಲೆ ಎತ್ತುವುದು. ಎತ್ತಿದೆ.

ಮರುದಿನದಿಂದ ತರಬೇತಿ ಶುರು. ಬೆಳಿಗ್ಗೆ ಆರಕ್ಕೆ, ಅವನ ಮನೆಯ ಮಾಳಿಗೆಯ ಮೇಲೆ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆರು ಗಂಟೆ ನಾನು ವಾಕಿಂಗ್ ಮುಗಿಸಿ ಬಂದು ಕಷಾಯ ಕುಡಿಯುವ ಹೊತ್ತು. ಮೊದಲ ದಿನ ಮೇಲಿನಿಂದ, ‘ಫೋನ್... ಸಾವಧಾನ್! ಫೋನ್... ವಿಶ್ರಾಮ್!’ ಎಂಬ ಕೂಗು ಕೇಳಿ ಕಷಾಯ ಮೂಗಿಗೆ ಹತ್ತಿತು. ಹೋಗಿ ನೋಡಿದರೆ ಐದು ಮಕ್ಕಳು ಬಿಳಿ ಕ್ಯಾನ್ವಾಸ್ ಶೂ ಹಾಕಿ, ಅಪ್ಪ ಅಮ್ಮಂದಿರ ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು, ಎತ್ತರದ ಪ್ರಕಾರ ನಿಂತಿವೆ. ಕೂತು ಆಡಲು ಶೂ ಯಾಕೆ ಎಂದೆ. ಶೂ ಇಲ್ಲದೆ ಯಾವ ಕ್ರೀಡೆ ಎಂದು ತಿರುಗಿ ಕೇಳಿದ. ಬೀದಿಗೆ ಎರಡು ಸುತ್ತು ಓಡದೆ ಫೋನು ಮುಟ್ಟುವಂತಿಲ್ಲ. ಆಮೇಲೆ ಹೆಬ್ಬೆಟ್ಟಿನ ವ್ಯಾಯಾಮ: ಬಲಕ್ಕೆ ಹತ್ತು, ಎಡಕ್ಕೆ ಹತ್ತು, ಮೇಲೆ ಕೆಳಗೆ ಇಪ್ಪತ್ತು. ಒಬ್ಬ ಹುಡುಗ ಹನ್ನೆರಡಕ್ಕೇ ನಿಲ್ಲಿಸಿ ಸಿಕ್ಕಿಬಿದ್ದ. ಶಿಕ್ಷೆಯಾಗಿ ಹೆಬ್ಬೆಟ್ಟಿನ ಮೇಲೆ ನಿಲ್ಲಿಸಿದ. ಕೈಯದ್ದಲ್ಲ, ಕಾಲಿನದ್ದು.

ಆಟದ ಭಾಷೆಯನ್ನೂ ತಿದ್ದಿದ. ಆಟದೊಳಗಿನ ವೀರ ಏಟು ತಿಂದು ಬಿದ್ದರೆ ಮಕ್ಕಳು ‘ಸತ್ತ’ ಎನ್ನುತ್ತಿದ್ದವು. ಶಾಲೆಯ ಆಟದಲ್ಲಿ ಯಾರೂ ಸಾಯುವಂತಿಲ್ಲ, ‘ಔಟ್’ ಎನ್ನಬೇಕು. ಮರೆತು ‘ಸತ್ತ’ ಎಂದವರಿಗೆ ಹತ್ತು ಬಸ್ಕಿ. ಮಂತ್ರ ಹಾಕುವುದಕ್ಕೆ ಮುಂಚೆ ಕೈ ಎತ್ತಿ ಅನುಮತಿ ಕೇಳಬೇಕು. ಅವನು ಅನುಮತಿ ಕೊಡುವಷ್ಟರಲ್ಲಿ ಕೋಟೆ ಬಿದ್ದಿರುತ್ತಿತ್ತು.

ಇನ್ನು ಮಣ್ಣಿನ ಪ್ರಕರಣ. ಕಬಡ್ಡಿ ಆಡುವವರು ಅಂಕಣಕ್ಕೆ ಇಳಿಯುವ ಮುಂಚೆ ಹಿಡಿ ಮಣ್ಣು ತೆಗೆದು ಅಂಗೈಗೆ ಉಜ್ಜಿಕೊಳ್ಳುವುದನ್ನು ನೀವು ನೋಡಿರಬಹುದು. ಹಿಡಿತ ಜಾರಬಾರದು ಎಂದು. ಬೆವರಿದ ಹೆಬ್ಬೆಟ್ಟು ಗಾಜಿನ ಮೇಲೆ ಜಾರುತ್ತಿದೆ ಎಂದು ಮಕ್ಕಳು ಹೇಳಿದ್ದೇ ತಡ, ನನ್ನ ತಮ್ಮ ಹೊಲದಿಂದ ಒಂದು ಬುಟ್ಟಿ ಕೆಂಪು ಮಣ್ಣು ಹೊರಿಸಿ ತಂದ. ಐವರೂ ಭಕ್ತಿಯಿಂದ ಉಜ್ಜಿಕೊಂಡು ಆಡಿದರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ತಾಯಿ ಫೋನನ್ನು ರವಿಕೆಯ ತುಂಡುಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಈ ಸಮಿತಿಯಲ್ಲಿರುವ, ಬಟ್ಟೆ ಹೊಲಿಯುವವರೇ. ಗಾಜಿನ ತುಂಬ ಗೀರು.

‘ಮೇಷ್ಟ್ರೇ, ನನ್ನ ಗಿರಾಕಿಗಳ ಅಳತೆ ಎಲ್ಲಾ ಇದ್ರಾಗೈತೆ. ಯಾರ ಸೊಂಟ ಎಷ್ಟು ಅಂತ ಈಗ ನಾನು ಮಣ್ಣು ಕೆದರಿ ನೋಡ್ಲೇನು?’

ನನ್ನ ತಮ್ಮ ತಲೆ ತಗ್ಗಿಸಿ, ತನ್ನ ಟವಲಿನಿಂದಲೇ ಫೋನು ಒರೆಸಿ, ತಪ್ಪಾಯಿತು ಎಂದ. ಅಂದಿನಿಂದ ಪ್ರತಿ ಆಟಗಾರನ ಸೊಂಟಕ್ಕೂ ಒಂದು ಒದ್ದೆ ಬಟ್ಟೆ.

ಆಮೇಲೆ ಹೊಸದುರ್ಗದ ಮಕ್ಕಳ ಮೇಲೆ ಪಂದ್ಯ. ಇವನ ಹಳೆಯ ಗೆಳೆಯ, ಅಲ್ಲಿನ ನಿವೃತ್ತ ಡ್ರಿಲ್ ಮೇಷ್ಟ್ರು, ಐದು ಮಕ್ಕಳನ್ನು ಬಸ್ಸಿನಲ್ಲಿ ಕರೆತಂದರು. ಎರಡು ತಂಡವೂ ತಮ್ಮ ತಮ್ಮ ಮನೆಯಲ್ಲೇ ಕೂತು ಆಡಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ ಇಬ್ಬರು ಮೇಷ್ಟ್ರೂ ನನ್ನನ್ನು ಕನಿಕರದಿಂದ ನೋಡಿದರು. ಎದುರಾಳಿಯ ಕೈ ಕುಲುಕದೆ ಪಂದ್ಯವೇ? ಆದರೆ ಹತ್ತು ಫೋನಿಗೆ ಒಟ್ಟಿಗೆ ನೆಟ್‌ವರ್ಕ್ ಸಿಗುವ ಜಾಗ ನಮ್ಮ ಬಡಾವಣೆಯಲ್ಲಿ ಒಂದೇ ಒಂದು: ರುದ್ರಭೂಮಿಯ ಕಾಂಪೌಂಡಿನ ಪಕ್ಕ. ಅಲ್ಲೇ ಸುಣ್ಣದಲ್ಲಿ ಗೆರೆ ಎಳೆಸಿದ. ಕೂತು ಆಡುವ ಆಟಕ್ಕೆ ಸುಣ್ಣದ ಗೆರೆ! ಗೆರೆ ದಾಟಿ ಕೂತವರು ಫೌಲು.

ಪಂದ್ಯ ಕಾವೇರಿದ ಹೊತ್ತಿಗೆ ಒಳಗೆ ಯಾರದೋ ಮಣ್ಣಿನ ಕಾರ್ಯ ಮುಗಿಸಿ ಹೊರಬಂದ ಏಳೆಂಟು ಜನ, ತಲೆಗೆ ಟವಲು ಸುತ್ತಿದವರು, ಗುಂಪು ನೋಡಿ ನಿಂತರು. ಅವರಲ್ಲೊಬ್ಬ ಹಿರಿಯರು ತಗ್ಗಿದ ದನಿಯಲ್ಲಿ ನನ್ನ ತಮ್ಮನನ್ನು, ‘ಯಾರು ತೀರ್ಕಂಡಿದ್ದು?’ ಎಂದು ಕೇಳಿದರು.

‘ಯಾರೂ ಇಲ್ಲ,’ ಎಂದ ಇವನು, ಫೋನಿನಿಂದ ಕಣ್ಣು ತೆಗೆಯದೆ. ‘ನಮ್ಮೋರು ಒಬ್ರು ಔಟಾಗಿದ್ರು. ಈಗ ಎದ್ದು ಬಂದ್ರು.’

ಆ ಹಿರಿಯರು ಒಂದು ಕ್ಷಣ ರುದ್ರಭೂಮಿಯ ಗೇಟಿನ ಕಡೆ ನೋಡಿ, ಸ್ನಾನ ಮಾಡುವ ಮುಂಚೆ ಯಾರನ್ನೂ ಮಾತಾಡಿಸಬಾರದು ಎಂಬ ನಿಯಮ ಈಗಷ್ಟೇ ನೆನಪಾದವರಂತೆ ಸರಸರನೆ ಹೋದರು. ಪಂದ್ಯವನ್ನು ನಮ್ಮವರು ಗೆದ್ದರು. ನನ್ನ ತಮ್ಮ ಐವರ ಬೆನ್ನನ್ನೂ ತಟ್ಟಿ, ಎಲ್ಲರಿಗೂ ನಿಂಬೆಹಣ್ಣಿನ ಹೋಳು ಚೀಪಲು ಕೊಟ್ಟ. ಬೆವರಿದವನು ಅವನೊಬ್ಬನೇ.

ಈ ಗೆಲುವೇ ಶನಿವಾರದ ಸಭೆಗೆ ಮೂಲ. ಅವನ ಬೇಡಿಕೆ ಒಂದು ಹಾಳೆಯಲ್ಲಿತ್ತು: ಈ ಆಟವನ್ನು ನಮ್ಮ ಶಾಲೆಯ ಕ್ರೀಡೆಗಳ ಪಟ್ಟಿಗೆ ಸೇರಿಸಬೇಕು, ಐದು ಮಕ್ಕಳ ಹೆಸರನ್ನು ಕ್ರೀಡಾ ವಹಿಯಲ್ಲಿ ಬರೆಯಬೇಕು. ಕ್ರೀಡಾ ವಹಿ ಎಂದರೆ ದಪ್ಪ ರಟ್ಟಿನ ಪುಸ್ತಕ. ಶಾಲೆಯ ಪರವಾಗಿ ಯಾವ ವರ್ಷ ಯಾರು ಯಾವ ಆಟ ಆಡಿದರು, ಫಲಿತಾಂಶವೇನು ಎಂಬುದೆಲ್ಲ ಅದರಲ್ಲಿರುತ್ತದೆ. ಅದರಲ್ಲಿ ಹೆಸರಿದ್ದರೆ ಕ್ರೀಡಾ ದಿನದಂದು ವೇದಿಕೆಗೆ ಕರೆಯುತ್ತಾರೆ, ಪ್ರಮಾಣಪತ್ರ ಕೊಡುತ್ತಾರೆ. ಇಲ್ಲದಿದ್ದರೆ ಇಲ್ಲ. ಅಷ್ಟಕ್ಕೇ ನನ್ನ ತಮ್ಮ ಆ ದಿನ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು ಯಾಕೆ ಬಂದಿದ್ದ ಎಂಬುದು ಮೊದಲಿಗೆ ನನಗೆ ಅರ್ಥವಾಗಲಿಲ್ಲ.

ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು ಎದ್ದರು. ಮಕ್ಕಳು ಮಣ್ಣಿನಲ್ಲಿ ಆಡಬೇಕು, ಮಣ್ಣಿನ ವಾಸನೆ ಮೈಗೆ ಹತ್ತಬೇಕು, ಆಗಲೇ ನಾಡು ಕಟ್ಟಲು ಸಾಧ್ಯ ಎಂದು ಹತ್ತು ನಿಮಿಷ ಮಾತಾಡಿದರು. ನನ್ನ ತಮ್ಮ ಎದ್ದು ಹೋಗಿ ಕಿಟಕಿ ತೆರೆದ. ಹೊರಗೆ ನಮ್ಮ ಆಟದ ಮೈದಾನ. ವಾಲಿಬಾಲ್ ಅಂಕಣದಿಂದ ಹಿಡಿದು ಓಟದ ಟ್ರ್ಯಾಕಿನವರೆಗೂ ಬೇಯಿಸಿದ ಅಡಿಕೆ ಹರಡಿತ್ತು. ಇಬ್ಬರು ಹೆಂಗಸರು ಕಾಲಿನಿಂದ ತಿರುವಿ ಹಾಕುತ್ತಿದ್ದರು. ಅಡಿಕೆ ಅಧ್ಯಕ್ಷರದೇ. ಬಿಸಿಲು ಚೆನ್ನಾಗಿ ಬೀಳುವ ಇಂಥ ಜಾಗ ಊರಿನಲ್ಲಿ ಇನ್ನೊಂದಿಲ್ಲ ಎಂದು ಅವರೇ ಹೇಳುತ್ತಿರುತ್ತಾರೆ.

‘ಮಣ್ಣು ಎಲ್ಲೈತೆ ಯಜಮಾನ್ರೆ?’ ಎಂದ ನನ್ನ ತಮ್ಮ, ಬಹಳ ವಿನಯದಿಂದ. ‘ಒಂಚೂರು ಅಡಿಕೆ ಸರಿಸಿ ತೋರಿಸ್ರಿ, ನಾಳೆಯಿಂದ ಅಲ್ಲೇ ಆಡಿಸ್ತೀನಿ.’

ಅಧ್ಯಕ್ಷರು ಕೂತರು. ಮುಖ್ಯೋಪಾಧ್ಯಾಯರು ಎದ್ದರು. ಅವರು ಸಂಭಾವಿತರು, ಅಭಿಪ್ರಾಯವಿಟ್ಟುಕೊಂಡು ಯಾರಿಗೂ ತೊಂದರೆ ಕೊಟ್ಟವರಲ್ಲ. ಮೇಲಿನಿಂದ ಸುತ್ತೋಲೆ ಬರಲಿ ಎಂದರು. ಬಾರದಿದ್ದರೆ, ಎಂದು ಕೇಳಿದ್ದಕ್ಕೆ, ಬಾರದೇ ಇರುವುದಕ್ಕೂ ಸುತ್ತೋಲೆ ಬರಲಿ ಎಂದರು. ಅಲ್ಲದೆ ಬೆವರು ಬಾರದ್ದನ್ನು ಕ್ರೀಡೆ ಎನ್ನಲು ತಮಗೆ ಮನಸ್ಸು ಬಾರದು ಎಂದು ಸೇರಿಸಿದರು. ಹಾಗೆ ನೋಡಿದರೆ ಕಳೆದ ಕ್ರೀಡಾ ದಿನ ನನಗೆ ನೆನಪಿದೆ. ಅತಿಥಿಗಳು ಬರುವುದು ತಡವಾಗಿ, ಹಾರ, ಶಾಲು, ಸ್ವಾಗತ, ಭಾಷಣ, ಪ್ರತಿಭಾಷಣ ಎಲ್ಲ ಮುಗಿಯುವ ತನಕ ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ಆಮೇಲೆ ಓಟಕ್ಕೆ ಉಳಿದದ್ದು ಹತ್ತು ನಿಮಿಷ. ಬೆವರೇ ಅಳತೆಯಾದರೆ ನಮ್ಮ ಶಾಲೆಯ ಮುಖ್ಯ ಕ್ರೀಡೆ ಭಾಷಣ ಕೇಳುವುದು!

ದೈಹಿಕ ಶಿಕ್ಷಕರು ಹೊಸ ಆಟದ ಪರ. ನೆರಳಿನಲ್ಲಿ ಆಡಿಸಬಹುದಲ್ಲ ಎಂದು ಪ್ರಾಮಾಣಿಕವಾಗಿ ಕಾರಣ ಕೊಟ್ಟರು. ಕೊನೆಗೆ ಹೊಲಿಗೆಯ ತಾಯಿ. ಫೋನು ಗೀರಿಸಿಕೊಂಡ ಸಿಟ್ಟು ಇನ್ನೂ ಆರಿರಲಾರದು, ಇವರ ಮತ ವಿರುದ್ಧ ಎಂದು ನಾನು ಪೆನ್ನು ತಯಾರಾಗಿ ಹಿಡಿದಿದ್ದೆ.

‘ನಾನು ಪರ ಅಂತ ಬರಕಳ್ರಿ, ಮೇಡಮ್ಮಾರೆ,’ ಎಂದರು. ‘ನಮ್ಮ ಹುಡುಗಿ ಮೊದ್ಲು ದಿನಾ ಪೂರ್ತಿ ಫೋನ್ ಹಿಡ್ಕಂಡು ಕುಂತಿರ್ತಿತ್ತು. ಮೇಷ್ಟ್ರು ಪ್ರಾಕ್ಟೀಸು ಶುರು ಮಾಡಿದ ಮೇಲೆ, ಬೆಳಿಗ್ಗೆ ಒಂದು ಗಂಟೆ ಆಡಿ ಸಾಕಪ್ಪ ಅಂತ ಫೋನ್ ನನ್ನ ಕೈಗೆ ಕೊಡ್ತೈತೆ. ನೀವು ಇದನ್ನ ಸ್ಕೂಲ್ನಾಗೆ ಇಟ್ಬಿಡ್ರಿ. ಪರೀಕ್ಷೆನೂ ಮಾಡ್ರಿ. ಇನ್ನೊಂದು ವರ್ಷಕ್ಕೆ ಒಂದು ಮಗೂನೂ ಫೋನ್ ಮುಟ್ಟಲ್ಲ.’

ಶಿಕ್ಷಣದ ಬಗ್ಗೆ ನಾನು ಎಷ್ಟೋ ತರಬೇತಿ ಶಿಬಿರಗಳಲ್ಲಿ ಕೂತಿದ್ದೇನೆ. ಇಷ್ಟು ಸ್ಪಷ್ಟವಾಗಿ ನಮ್ಮ ಕಸುಬನ್ನು ಯಾರೂ ವಿವರಿಸಿರಲಿಲ್ಲ.

ಎರಡು ಪರ, ಎರಡು ವಿರುದ್ಧ. ಐದನೆಯ ಮತ ನನ್ನದು. ನನ್ನ ಮತ ಏನೆಂದು ನನಗೆ ಮೊದಲೇ ನಿಶ್ಚಯವಾಗಿತ್ತು. ಬೆಳಿಗ್ಗೆ ಐದಕ್ಕೆ ಏಳು, ನೆಟ್ಟಗೆ ನಿಲ್ಲು, ನೆಟ್ಟಗೆ ನಡೆ ಎಂದು ಕಲಿತು, ಕಲಿಸಿ ಬಂದವಳು ನಾನು. ಫೋನು ಒತ್ತುವುದನ್ನು ಕ್ರೀಡೆ ಎಂದು ನನ್ನ ಕೈಯಾರೆ ಬರೆಯುವುದೇ? ‘ವಿರುದ್ಧ’ದ ಮೊದಲ ಅಕ್ಷರ ಬರೆಯುವಷ್ಟರಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಬಂತು. ನಮ್ಮ ಕಡೆ ಮಂಡಕ್ಕಿ ಬಂದ ಮೇಲೆ ಹದಿನೈದು ನಿಮಿಷ ಯಾವ ಸಭೆಯೂ ಮುಂದುವರಿಯುವುದಿಲ್ಲ. ಪೆನ್ನು ಮುಚ್ಚಿದೆ.

ನನ್ನ ತಮ್ಮ ಮಾತ್ರ ಬಜ್ಜಿ ಮುಟ್ಟದೆ ಹೊರಗಿನ ಜಗಲಿಗೆ ಹೋಗಿ ಕಂಬ ಹಿಡಿದು ನಿಂತಿದ್ದ. ಬಜ್ಜಿ ಬಿಟ್ಟ ನನ್ನ ತಮ್ಮನನ್ನು ನಾನು ಅದಕ್ಕೆ ಮುಂಚೆ ನೋಡಿದ್ದು ನಮ್ಮ ಅಪ್ಪ ತೀರಿಕೊಂಡ ದಿನ. ಹತ್ತಿರ ಹೋಗಿ, ಅರವತ್ತೈದು ದಾಟಿದವನಿಗೆ ಇದೆಲ್ಲ ಯಾಕೆ ಬೇಕಿತ್ತು, ಊರೇ ನಗುತ್ತಿದೆ ಎಂದೆ.

ಅವನು ಅಡಿಕೆಯ ಕಡೆ ನೋಡುತ್ತಲೇ ಹೇಳಿದ.

‘ಟ್ಯಾಂಕ್ ಹಿಂದೆ ಆ ಹುಡುಗ್ರನ್ನ ನೋಡಿದ್ನಲ್ಲಕ್ಕ, ಅದಕ್ಕೆ ಹಿಂದಿನ ದಿನ ಹಿರಿಯೂರಿಂದ ಬಸ್ಸಿಗೆ ಬರ್ತಿದ್ದೆ. ಒಬ್ಬ ಎದ್ದು ಸೀಟು ಬಿಟ್ಟ. ನಲವತ್ತು ದಾಟೈತೆ. ಗುಡ್ಡದ ಮೇಲೆ ಗಾಳಿ ಫ್ಯಾನ್ ಅವೆಯಲ್ಲ, ಆ ಕಂಪನೀಲಿ ಕೆಲ್ಸ. ಗುರ್ತು ಸಿಕ್ತಾ ಸಾರ್ ಅಂದ. ಹ್ಞೂಂ ಅಂದೆ. ಸುಳ್ಳು. ಯಾರು ಅಂತಾನೇ ಗೊತ್ತಾಗ್ಲಿಲ್ಲ. ನಾನು ಆಟದ ಪೀರಿಯಡ್‌ನಾಗೆ ಹುಣಸೇಮರದ ಕೆಳಗೆ ಎಲ್ಲಾರ ಚಪ್ಪಲಿ ಕಾಯ್ತಿದ್ದೆ ಸಾರ್ ಅಂದ. ನಗ್ತಾನೇ ಅಂದ. ಯಾರ ಚಪ್ಪಲಿ ಯಾವ್ದು ಅಂತ ಈಗ್ಲೂ ಹೇಳ್ತೀನಿ ಸಾರ್ ಅಂತ, ಹಳ್ಳಿಯಿಂದ ಬರ್ತಿದ್ದ ಹುಡುಗನದು ಟೈರಿಂದು, ಇನ್ಯಾರದೋ ಬಾರು ಕಿತ್ತು ಪಿನ್ ಹಾಕಿದ್ದು, ಹಂಗೇ ಹೇಳ್ತಾ ಹೋದ. ಅವೆಲ್ಲ ನಮ್ಮ ಟೀಮಿನೋರವು. ಅವ್ರ ಹೆಸ್ರೆಲ್ಲ ನನಗೆ ಗೊತ್ತೈತೆ. ಇವನ ಹೆಸ್ರು ಕೇಳಾಕೆ ಬಾಯೇ ಬರ್ಲಿಲ್ಲ. ಇಳಿದು ಹೋದ.’

ಕೈಯಲ್ಲಿದ್ದ ಚಹಾ ಲೋಟವನ್ನು ಜಗಲಿಯ ಮೇಲೆ ಇಟ್ಟೆ.

‘ಟ್ಯಾಂಕ್ ಹಿಂದೆ ಇದ್ದ ಐದೂ ಹುಡುಗ್ರು ಈಗಿನ ಮೇಷ್ಟ್ರ ಪೀರಿಯಡ್‌ನಾಗೆ ಅದೇ ಮರದ ಕೆಳಗೆ ಕುಂತ್ಕಳ್ಳೋರು ಕಣಕ್ಕ. ಅಲ್ಲಿ ಕಂಡೆ, ಏನು ಕೂಗಾಟ, ಏನು ಹುರುಪು. ಆಟ ಆಡಾಕೆ ಬರಲ್ಲ ಅಂತ ನಾವು ಕೂರ್ಸಿದ್ದು ಇವ್ರನ್ನೇ.’

ಆಟ ಬಾರದ ಮಕ್ಕಳನ್ನು ಮರದ ಕೆಳಗೆ ಕೂರಿಸುವ ಆ ಪದ್ಧತಿ ನನಗೇನು ಗೊತ್ತಿಲ್ಲದ್ದಲ್ಲ. ಮುಖ್ಯೋಪಾಧ್ಯಾಯಿನಿಯಾಗಿ ಸುತ್ತು ಬರುವಾಗ ದಿನವೂ ನೋಡುತ್ತಿದ್ದೆ. ಒಮ್ಮೆ ನಿಂತು, ಚಪ್ಪಲಿಗಳನ್ನು ಎಷ್ಟು ಶಿಸ್ತಾಗಿ ಸಾಲಿನಲ್ಲಿ ಜೋಡಿಸಿದ್ದೀರಿ ಎಂದು ಹೊಗಳಿಯೂ ಇದ್ದೆ. ಮಕ್ಕಳು ಎದ್ದು ನಿಂತು ಥ್ಯಾಂಕ್ಯೂ ಮೇಡಂ ಎಂದಿದ್ದವು. ಅವುಗಳ ಹೆಸರನ್ನು ನಾನೂ ಕೇಳಿರಲಿಲ್ಲ.

ಒಂದೂ ಇಪ್ಪತ್ತಕ್ಕೆ ಸಭೆ ಮತ್ತೆ ಸೇರಿತು. ನಡಾವಳಿಯಲ್ಲಿ ಬರೆದಿದ್ದ ಒಂದು ಅಕ್ಷರವನ್ನು ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದೆ. ನನ್ನ ಬರವಣಿಗೆಯ ಜೀವನದಲ್ಲಿ ಅದೇ ಮೊದಲ ಹೊಡೆತ. ‘ಕಾರ್ಯದರ್ಶಿಯ ಮತ: ಪರ.’ ಅಧ್ಯಕ್ಷರು ಕಾರಣ ಬರೆಯಬೇಕು ಎಂದರು. ಕಾರಣ ಬರೆಯಲೇಬೇಕೆಂಬ ನಿಯಮವಿಲ್ಲ ಎಂದೆ. ನಿಯಮದ ಮಾತಿನಲ್ಲಿ ನನ್ನನ್ನು ಈ ತಾಲ್ಲೂಕಿನಲ್ಲಿ ಯಾರೂ ಎದುರಿಸುವುದಿಲ್ಲ. ಅದು ಕ್ರೀಡೆಯಲ್ಲ ಎಂಬ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಬೇಕಾದವರು ಬಂದು ವಾದಿಸಬಹುದು, ಮಧ್ಯಾಹ್ನ ಎರಡರ ಒಳಗೆ.

ಐದು ಮಕ್ಕಳ ಹೆಸರನ್ನು ಇನಿಷಿಯಲ್ ಸಮೇತ ಕ್ರೀಡಾ ವಹಿಯಲ್ಲಿ ಬರೆದೆ. ಆಟ: ಮೊಬೈಲ್ ಕೋಟೆ ಆಟ. ಫಲಿತಾಂಶ: ಹೊಸದುರ್ಗದ ವಿರುದ್ಧ ಜಯ. ಎಲ್ಲರೂ ಹೊರಟರು. ನನ್ನ ತಮ್ಮನೂ ಹೊರಟ. ನಾನು ಅವನನ್ನು ತಡೆದು, ಬಸ್ಸಿನಲ್ಲಿ ಸಿಕ್ಕವನು ಯಾವ ವರ್ಷದವನು ಎಂದು ಕೇಳಿದೆ. ಶಾಲೆಗೆ ಕಬ್ಬಿಣದ ಗೇಟು ಹಾಕಿದ ವರ್ಷ ಹತ್ತನೆಯ ತರಗತಿ ಎಂದಿದ್ದನಂತೆ. ಗೇಟು ಹಾಕಿಸಿದವಳು ನಾನು, ವರ್ಷ ಗೊತ್ತಿತ್ತು. ಅಟೆಂಡರ್‌ನಿಂದ ಉಗ್ರಾಣದ ಬೀಗ ತೆಗೆಸಿ, ಆ ವರ್ಷದ ಹಾಜರಿ ಪುಸ್ತಕವನ್ನೂ ಕ್ರೀಡಾ ವಹಿಯನ್ನೂ ಕೆಳಗಿಳಿಸಿದೆ. ಧೂಳು ಹೊಡೆಯುವುದಕ್ಕೇ ಕಾಲು ಗಂಟೆ ಹಿಡಿಯಿತು.

ಕೆಲಸ ಸರಳವಾದದ್ದು. ಅವನು ಕ್ರೀಡಾ ವಹಿಯಿಂದ ಒಂದೊಂದೇ ಹೆಸರು ಓದುವುದು, ನಾನು ಹಾಜರಿ ಪುಸ್ತಕದಲ್ಲಿ ಆ ಹೆಸರಿಗೆ ಪೆನ್ಸಿಲ್ ಗುರುತು ಹಾಕುವುದು. ಗುರುತು ಬೀಳದೆ ಉಳಿದವರೇ ಮರದ ಕೆಳಗೆ ಕೂತವರು. ಓದುವಾಗ ಅವನಿಗೆ ಪ್ರತಿ ಹೆಸರಿಗೂ ಒಂದು ಪಂದ್ಯ ನೆನಪಾಗುತ್ತಿತ್ತು. ಕಥೆ ಬೇಡ, ಹೆಸರು ಮಾತ್ರ ಎಂದು ಎರಡು ಸಲ ಗದರಿಸಿದೆ. ಕೊನೆಗೆ ಹದಿಮೂರು ಹೆಸರು ಉಳಿದವು. ಅವನು ಕನ್ನಡಕ ಏರಿಸಿ ಹದಿಮೂರನ್ನೂ ಮೂರು ಸಲ ಓದಿದ. ಒಂದು ಮುಖವೂ ನೆನಪಿಗೆ ಬರಲಿಲ್ಲ. ಬಸ್ಸಿನವನು ಇವರಲ್ಲಿ ಯಾರು ಎಂಬುದು ಗೊತ್ತಾಗಲಿಲ್ಲ.

ಆದ್ದರಿಂದ ಹದಿಮೂರು ಜನರನ್ನೂ ಬರೆದೆ. ಆ ವರ್ಷದ ಕ್ರೀಡಾ ವಹಿಯ ಕೊನೆಯ ಖಾಲಿ ಪುಟದಲ್ಲಿ, ಇಂದಿನ ತಾರೀಖು ಹಾಕಿ. ಹಿಂದಿನ ತಾರೀಖು ಹಾಕುವವಳು ನಾನಲ್ಲ. ‘ಆಟ’ ಎಂಬ ಕಲಮಿಗೆ ಬಂದಾಗ ಪೆನ್ನು ನಿಂತಿತು. ಖೋ-ಖೋ ಅಂತ ಬರಿ ಅಕ್ಕ, ಯಾರು ಕೇಳ್ತಾರೆ, ಎಂದ. ಸುಳ್ಳು ಬರೆಯುವುದಿಲ್ಲ ಎಂದೆ. ‘ಕಾವಲು’ ಎಂದು ಬರೆದೆ.

ಉಳಿದದ್ದು ಫಲಿತಾಂಶದ ಕಲಮು.

‘ನಿನ್ನ ಸರ್ವೀಸಿನಾಗೆ ಯಾವತ್ತಾದ್ರೂ ಒಂದು ಜೊತೆ ಚಪ್ಪಲಿ ಕಳೆದಿತ್ತೇನೋ?’ ಎಂದು ಕೇಳಿದೆ.

‘ಇಲ್ಲ ಅಕ್ಕ,’ ಎಂದ.

ಹದಿಮೂರು ಹೆಸರಿನ ಮುಂದೆಯೂ ‘ಒಂದೂ ಕಳೆದಿಲ್ಲ’ ಎಂದು ಬರೆದೆ. ಕೆಳಗೆ ಅವನು ಆ ವರ್ಷದ ಡ್ರಿಲ್ ಮೇಷ್ಟ್ರೆಂದು ಸಹಿ ಹಾಕಿದ, ನಾನು ಆ ವರ್ಷದ ಮುಖ್ಯೋಪಾಧ್ಯಾಯಿನಿ ಎಂದು ಹಾಕಿದೆ. ಆಮೇಲೆ ಶಾಯಿ ಒಣಗುವ ತನಕ ಇಬ್ಬರೂ ಕಾದು, ಪುಸ್ತಕ ಮುಚ್ಚಿ, ಬೀಗದ ಕೈಯನ್ನು ಅಟೆಂಡರ್‌ಗೆ ಕೊಟ್ಟೆವು. ಸಮಯ ಐದೂ ಇಪ್ಪತ್ತು.